ಕೋಡಿ ಗದ್ದೆಯಲ್ಲಿ ಬೇಡ, ಮೇಲಿನ ಮೂಲೆಯಲ್ಲಿ ಕಟ್ಟಿ

ಶಾಲೆಗೆ ಜಾಗ ನೋಡಲು ಬಂದಿದ್ದ ಅಧಿಕಾರಿಗಳಿಗೆ, ನಕ್ಷೆ ಮಾಡಿದ ಎಂಜಿನಿಯರುಗಳಿಗೆ, ಹಾಗೇ ನಮ್ಮ ಬಡಾವಣೆಯ ಎಲ್ಲರಿಗೂ ನಮಸ್ಕಾರ.

ನೀವು ಬಂದಿದ್ದು ಏಪ್ರಿಲ್ ಮೂರನೇ ವಾರ. ಮಧ್ಯಾಹ್ನ ಹನ್ನೆರಡೂವರೆ ಇರಬಹುದು. ಹೊಂಗೆ ಮರದ ಕೆಳಗೆ ಕಾರು ನಿಲ್ಲಿಸಿ ಬಾನೆಟ್ ಮೇಲೆ ನಕ್ಷೆ ಹರಡಿದಿರಿ. ಗಾಳಿಗೆ ಹಾರಬಾರದು ಅಂತ ಒಂದು ಮೂಲೆಗೆ ನೀರಿನ ಬಾಟಲಿ, ಇನ್ನೊಂದಕ್ಕೆ ಯಾರದ್ದೋ ಮೊಬೈಲ್. ಎಳನೀರು ಬಂತು. ಅರ್ಧ ಗಂಟೆಯೊಳಗೆ ಎಲ್ಲ ಮುಗಿಯಿತು. ಅವತ್ತು ನಾನು ಅತ್ತೆಯನ್ನು ಡಾಕ್ಟರಿಗೆ ತೋರಿಸಿಕೊಂಡು ಬರುತ್ತಿದ್ದೆ. ಜನ ಸೇರಿದ್ದು ನೋಡಿ ಆಟೋ ನಿಲ್ಲಿಸಿ ಇಬ್ಬರೂ ಇಳಿದೆವು. ನಿಮ್ಮಲ್ಲಿ ಒಬ್ಬರು ಕೈ ಚಾಚಿ ಕೆರೆಯ ಅಂಚಿನ ಕೆಳಮೂಲೆ ತೋರಿಸಿ, 'ಇಲ್ಲೇ ಬಿಲ್ಡಿಂಗ್. ಸಮತಟ್ಟಾಗಿದೆ, ವ್ಯೂ ಚೆನ್ನಾಗಿದೆ' ಅಂದರು.

ಅತ್ತೆ ನನ್ನ ಮೊಣಕೈ ಹಿಡಿದು ಮೆಲ್ಲಗೆ ಅಂದರು: 'ಅದು ಕೋಡಿ ಗದ್ದೆ ಕಣವ್ವ. ಕೋಡಿ ಬಿದ್ರೆ ಅಲ್ಲಿ ನಿಲ್ಲಕ್ಕಾಯ್ತದಾ?'

ಕೋಡಿ ಅಂದರೆ ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಗೆ ಹರಿಯುವ ಜಾಗ. ಈ ಪತ್ರ ಬರೆಯುತ್ತಿರುವುದು ಆ ಒಂದು ಮಾತಿಗೆ.

ಕೆರೆಯ ಹೆಸರು ಬೇಕೆಂದೇ ಬರೆದಿಲ್ಲ. ಶಾಲೆ ಬರುತ್ತಂತೆ ಅನ್ನುವ ಸುದ್ದಿಗೇ ಸುತ್ತಲಿನ ಸೈಟುಗಳ ರೇಟು ಏರಿದೆ. ಓದಬೇಕಾದವರಿಗೆ ಯಾವ ಕೆರೆ ಅಂತ ಗೊತ್ತಿದೆ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಶಾಲೆ ಬೇಕು. ಕೆರೆ ಪಕ್ಕದಲ್ಲೇ ಬೇಕು. ನನ್ನ ಮಗಳು ನಾಲ್ಕನೇ ಕ್ಲಾಸು. ಒಂದರಿಂದ ಐದನೇ ತರಗತಿ ಮಕ್ಕಳಿಗೆ ಮನೆಯಿಂದ 1 ಕಿ.ಮೀ. ಒಳಗೆ ಶಾಲೆ ಇರಬೇಕು ಅಂತ ಶಿಕ್ಷಣ ಹಕ್ಕಿನ ನಿಯಮ ಹೇಳುತ್ತೆ. ನಮ್ಮ ಕಾಲೋನಿಯ ಮಕ್ಕಳು ರಿಂಗ್ ರಸ್ತೆ ದಾಟಿಕೊಂಡು ಅದರ ಎರಡರಷ್ಟು ದೂರ ಹೋಗುತ್ತಿದ್ದಾರೆ. ಲಾರಿಗಳು ಬರುವ ರಸ್ತೆ ಅದು. ಹಾಗಾಗಿ 'ಕೆರೆ ಹತ್ತಿರ ಏನೂ ಕಟ್ಟಬಾರದು' ಅನ್ನುವ ವಾಕಿಂಗ್ ಗೆಳೆಯರ ಜೊತೆ ನಾನು ಪೂರ್ತಿ ಒಪ್ಪಲಾರೆ. ಅವರಲ್ಲಿ ಹೆಚ್ಚಿನವರ ಮಕ್ಕಳಿಗೆ ಮನೆ ಬಾಗಿಲಿಗೆ ಸ್ಕೂಲ್ ವ್ಯಾನ್ ಬರುತ್ತೆ. ಬೇಜಾರು ಮಾಡಿಕೊಳ್ಳಬೇಡಿ, ಇರುವ ವಿಷಯ ಹೇಳಿದೆ.

ನನ್ನ ತಕರಾರು ಇರುವುದು ಆ ಕೆಳಮೂಲೆಯ ಬಗ್ಗೆ. ಅದನ್ನು ಹೇಗೆ ನೋಡಿದಿರಿ ಅನ್ನುವುದರ ಬಗ್ಗೆ.

ನಾನು ಹದಿನೆಂಟು ವರ್ಷದಿಂದ ಆರ್ಕಿಟೆಕ್ಟ್ ಆಫೀಸಿನಲ್ಲಿ ಡ್ರಾಫ್ಟಿಂಗ್ ಕೆಲಸ ಮಾಡುತ್ತಿದ್ದೇನೆ. ಸೈಟ್ ಅನಾಲಿಸಿಸ್ ಹಾಳೆ ಹೇಗೆ ತಯಾರಾಗುತ್ತೆ ಅಂತ ಗೊತ್ತು. ವಾರ್ಡ್ ಸಭೆಯಲ್ಲಿ ನೀವು ಹಂಚಿದ ಹಾಳೆಯನ್ನು ನೋಡಿದ ತಕ್ಷಣ ನಗು ಬಂತು, ಯಾಕೆಂದರೆ ನಾನೂ ಅಂಥದ್ದು ಎಷ್ಟೋ ಮಾಡಿದ್ದೇನೆ. ಮೇಲಿನಿಂದ ತೆಗೆದ ಉಪಗ್ರಹದ ಚಿತ್ರ. ಅದರ ಮೇಲೆ ಹಳದಿ ಸೂರ್ಯ, ನೀಲಿ ಬಾಣ, 'ತಂಪು ಗಾಳಿ', 'ಸುಂದರ ನೋಟ'. ಹಿಂದಿನ ಪ್ರಾಜೆಕ್ಟಿನ ಬಾಣವನ್ನೇ ಕಾಪಿ ಮಾಡಿ ತಿರುಗಿಸಿ ಇಟ್ಟರೆ ಹತ್ತು ನಿಮಿಷದ ಕೆಲಸ. ಆ ಹಾಳೆಯಲ್ಲಿ ಕೆರೆ ಬರೀ ನೀಲಿ ಬಣ್ಣ. ಎಲ್ಲಿಂದ ನೀರು ಬರುತ್ತೆ, ಎಲ್ಲಿಗೆ ಹೋಗುತ್ತೆ ಅಂತ ಒಂದು ಗೆರೆಯೂ ಇಲ್ಲ.

ಮೈಸೂರಿನ ಕೆರೆಗಳು ಒಂಟಿ ಬಟ್ಟಲುಗಳಲ್ಲ ಅಲ್ವಾ. ಊರು ದಿಣ್ಣೆಯ ಮೇಲಿದೆ. ದಕ್ಷಿಣಕ್ಕೆ ಬಿದ್ದ ನೀರು ಕಪಿಲೆಯ ಕಡೆಗೆ, ಉತ್ತರಕ್ಕೆ ಬಿದ್ದದ್ದು ಕಾವೇರಿಯ ಕಡೆಗೆ. ನಡುವೆ ಮೆಟ್ಟಿಲ ಹಾಗೆ ಕೆರೆಗಳು. ಮೇಲಿನದು ತುಂಬಿ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ಲಿಂಗಾಂಬುಧಿ ಕೆರೆ ಕಟ್ಟಿಸಿದ್ದು 1828ರಲ್ಲಿ, ಕುಕ್ಕರಹಳ್ಳಿ ಕೆರೆ 1864ರಲ್ಲಿ, ಎರಡೂ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದವು. ಆಗ ಏರಿ, ಅಂದರೆ ಕೆರೆಯ ಕಟ್ಟೆ, ಕಟ್ಟಿದವರು ಕೋಡಿಗೆ ಅಂತ ಜಾಗ ಬಿಟ್ಟೇ ಕಟ್ಟಿದ್ದು. ಆ ಜಾಗ ವರ್ಷದಲ್ಲಿ ಹನ್ನೊಂದು ತಿಂಗಳು ಖಾಲಿ, ಸಮತಟ್ಟು. ನೋಡಿದವರಿಗೆಲ್ಲ ಏನಾದರೂ ಕಟ್ಟೋಣ ಅನ್ನಿಸುತ್ತೆ. ದಸರಾ ವಸ್ತುಪ್ರದರ್ಶನಕ್ಕೆ ಹೋಗುವವರೆಲ್ಲ ಒಂದು ಕಾಲದ ದೊಡ್ಡಕೆರೆಯೊಳಗೇ ಸುತ್ತಾಡುವುದು. ಮೈದಾನದ ಹೆಸರಿನಲ್ಲಿ ಮಾತ್ರ ಕೆರೆ ಉಳಿದಿದೆ.

ನೀವು ಬಂದ ತಿಂಗಳು ಯಾವುದು ಅಂತ ಇನ್ನೊಮ್ಮೆ ನೆನಪಿಸುತ್ತೇನೆ. ಏಪ್ರಿಲ್. ಕೆರೆಯಲ್ಲಿ ನೀರು ತೀರ ಕಡಿಮೆ ಇರುವ ಹೊತ್ತು. ಸರ್ಕಾರಿ ಶಾಲೆಗಳಿಗೆ ಬೇಸಿಗೆ ರಜೆ ಏಪ್ರಿಲ್ ಎರಡನೇ ವಾರ ಶುರುವಾದರೆ ಮುಗಿಯುವುದು ಮೇ ಕೊನೆಗೆ. ಅಂದರೆ ಮಕ್ಕಳು ಯಾವತ್ತೂ ಇರದ ತಿಂಗಳಲ್ಲಿ ಬಂದು, ಮಕ್ಕಳು ಯಾವತ್ತೂ ನೋಡದ ಕೆರೆಯನ್ನು ನೋಡಿಕೊಂಡು ಹೋಗಿದ್ದೀರಿ. ಮೈಸೂರಿಗೆ ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ. ಮೇ ತಿಂಗಳಲ್ಲಿ ಒಂದು ಸಲ ಜೋರು, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಇನ್ನೊಂದು ಸಲ. ನಮ್ಮ ಕೆರೆ ಕೋಡಿ ಬೀಳುವುದು ಎರಡನೇ ಸಲದ ಮಳೆಗೆ. ಆಗ ಶಾಲೆಯಲ್ಲಿ ಮಕ್ಕಳಿರುತ್ತಾರೆ.

ಅತ್ತೆ ಹುಟ್ಟಿದ್ದು ಏರಿಯ ಕೆಳಗಿನ ಹಳೇ ಊರಿನಲ್ಲಿ. ಅವರಪ್ಪ ನೀರುಗಂಟಿ, ಕೆರೆಯಿಂದ ಗದ್ದೆಗೆ ನೀರು ಬಿಡುವ ತೂಬು ನೋಡಿಕೊಳ್ಳುತ್ತಿದ್ದವರು. ಮೇ ತಿಂಗಳ ಒಂದು ಭಾನುವಾರ ಅವರನ್ನು ಕೋಡಿಯ ಹತ್ತಿರ ಕರೆದುಕೊಂಡು ಹೋದೆ. ಕೋಡಿಯ ಕಲ್ಲುಗಳು ಈಗ ಲಂಟಾನದ ಪೊದೆಯಲ್ಲಿ ಮುಚ್ಚಿಹೋಗಿವೆ. ಅತ್ತೆ ಕೋಲಿನಿಂದ ಪೊದೆ ಸರಿಸಿ, ಚಪ್ಪಲಿ ಬಿಟ್ಟು, ಒಂದು ಕಲ್ಲಿನ ಮೇಲೆ ನಿಂತರು. ಸೀರೆ ಸ್ವಲ್ಪ ಎತ್ತಿ ಮೊಣಕಾಲಿನ ಕೆಳಗೆ ಕೈಯಿಟ್ಟು 'ಇಷ್ಟು ಹರೀತಿತ್ತು, ನಾವು ಮೀನು ಹಿಡೀತಿದ್ದೋ' ಅಂದರು. ಮಗಳು ಟೇಪು ತಂದಿದ್ದಳು. ಅಜ್ಜಿಯ ಕೈ ಇದ್ದ ಜಾಗ ಅಳೆದರೆ 40 ಸೆಂ.ಮೀ.

ಬರೀ ನೆನಪನ್ನು ನಂಬಿ ಕಟ್ಟಡ ಸರಿಸಿ ಅಂತ ಕೇಳಲು ನನಗೂ ಮನಸ್ಸಿಲ್ಲ. ಅದಕ್ಕೇ ಮುಂದಿನ ವಾರ ನಮ್ಮ ಬೀದಿಯ ಗಾರೆ ಮೇಸ್ತ್ರಿಯನ್ನು ಕರೆದೆ. ಅವರ ಹತ್ತಿರ ಪಾರದರ್ಶಕ ಪೈಪ್ ಇದೆ, ನೀರು ತುಂಬಿ ಮಟ್ಟ ನೋಡುವಂಥದ್ದು. ಎರಡೂ ತುದಿಯಲ್ಲಿ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತೆ, ಅಷ್ಟೇ ಅದರ ಗುಟ್ಟು. ಕೋಡಿಯ ಕಲ್ಲಿನಿಂದ ಶುರು ಮಾಡಿ, ಗೂಟ ಹೊಡೆಯುತ್ತಾ, ನೀವು ತೋರಿಸಿದ ಕೆಳಮೂಲೆಯವರೆಗೆ ಮಟ್ಟ ಒಯ್ದೆವು. ಪೈಪಿನಲ್ಲಿ ಎರಡು ಸಲ ಗಾಳಿಗುಳ್ಳೆ ಸೇರಿಕೊಂಡು ಮತ್ತೆ ಮೊದಲಿನಿಂದ ಮಾಡಬೇಕಾಯಿತು. ಬಿಸಿಲಿಗೆ ಮೇಸ್ತ್ರಿ ಬೈದುಕೊಂಡರು. ಕೊನೆಗೆ ಸಿಕ್ಕಿದ್ದು ಇಷ್ಟು: ಕೆಳಮೂಲೆಯ ನೆಲ ಕೋಡಿಯ ಕಲ್ಲಿಗಿಂತ ಬರೀ 15 ಸೆಂ.ಮೀ. ಎತ್ತರದಲ್ಲಿದೆ. ಕೋಡಿಯ ಮೇಲೆ 40 ಸೆಂ.ಮೀ. ನೀರು ಹರಿದರೆ ನಿಮ್ಮ ಶಾಲೆಯ ಅಂಗಳದಲ್ಲಿ 25 ಸೆಂ.ಮೀ. ನೀರು. ಒಂದನೇ ಕ್ಲಾಸಿನ ಮಗುವಿಗೆ ಮೊಣಕಾಲಿನ ಹತ್ತಿರಕ್ಕೆ ಬರುತ್ತೆ.

ಅದೇ ಜಮೀನಿನ ಮೇಲಿನ ಮೂಲೆ, ಹಳೇ ರಸ್ತೆಗೆ ತಾಗಿರುವ ಕಡೆ, ಕೋಡಿಗಿಂತ ಮೂರೂವರೆ ಮೀಟರ್ ಎತ್ತರದಲ್ಲಿದೆ. ಎರಡು ಎಕರೆ ಚಿಲ್ಲರೆ ಜಾಗದೊಳಗೆ ಇಷ್ಟು ವ್ಯತ್ಯಾಸ! ಉಪಗ್ರಹದ ಚಿತ್ರದಲ್ಲಿ ಎರಡೂ ಮೂಲೆ ಒಂದೇ ಥರ ಕಾಣುತ್ತೆ.

ವಾರ್ಡ್ ಸಭೆಯಲ್ಲಿ ಈ ಮಾತು ಎತ್ತಿದಾಗ ಒಬ್ಬರು 'ಮಣ್ಣು ತುಂಬಿಸಿ ಎತ್ತರ ಮಾಡಿದರಾಯ್ತಲ್ಲ' ಅಂದರು. ಲೆಕ್ಕ ಹಾಕೋಣ. ಒಂದು ಎಕರೆ ಅಂದರೆ 4,047 ಚದರ ಮೀಟರ್. ಅದನ್ನು ಒಂದು ಮೀಟರ್ ಏರಿಸಲು ನಾಲ್ಕು ಸಾವಿರ ಘನ ಮೀಟರ್‌ಗೂ ಹೆಚ್ಚು ಮಣ್ಣು ಬೇಕು. ಟಿಪ್ಪರಿಗೆ ಆರು ಘನ ಮೀಟರ್ ಅಂತ ಇಟ್ಟುಕೊಂಡರೂ 670 ಲೋಡು. ಅದು ದಮ್ಮಸು ಹಾಕಿ ಮಣ್ಣು ಗಟ್ಟಿ ಮಾಡುವ ಮೊದಲಿನ ಲೆಕ್ಕ. ಅಷ್ಟು ಮಣ್ಣನ್ನು ಎಲ್ಲಿಂದ ಅಗೆದು ತರುತ್ತೀರಿ ಅನ್ನುವುದನ್ನು ಬಿಡಿ. ಅಲ್ಲಿ ನಿಲ್ಲುತ್ತಿದ್ದ ನೀರು ಎಲ್ಲಿಗೆ ಹೋಗಬೇಕು? ಹಳೇ ಊರಿನ ಮನೆಗಳಿಗೇ ನುಗ್ಗುತ್ತೆ. ಆ ಮನೆಗಳ ಮಕ್ಕಳಿಗೂ ಸೇರಿ ತಾನೇ ಈ ಶಾಲೆ?

ಬಫರ್, ಅಂದರೆ ಕೆರೆಯ ಅಂಚಿನಿಂದ ಏನೂ ಕಟ್ಟದೆ ಬಿಡಬೇಕಾದ ಜಾಗ, ಎಷ್ಟು ಮೀಟರ್ ಅಂತ ಒಂದೂವರೆ ಗಂಟೆ ಜಗಳ ಆಯಿತು. ಬೆಂಗಳೂರಿನ ಕೆರೆಗಳಿಗೆ 75 ಮೀಟರ್ ಬಿಡಬೇಕು ಅಂತ ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತೆಗೆದುಹಾಕಿತು. ಕಾನೂನು ಪಾಲಿಸಲೇಬೇಕು, ಆದರೆ ಮೀಟರ್ ಎಣಿಸಿ ಸುಮ್ನಾಗುವುದು ಬೇಡ ಅಂತ ನನ್ನ ಅಭಿಪ್ರಾಯ. ಇಳಿಜಾರು ಇರುವ ಕಡೆ 30 ಮೀಟರ್ ದೂರದಲ್ಲಿ ನಿಂತರೂ ಕಾಲು ಒದ್ದೆಯಾಗುವುದಿಲ್ಲ. ಚಪ್ಪಟೆ ಇರುವ ಕಡೆ 75 ಮೀಟರ್ ಬಿಟ್ಟರೂ ನೀರು ಬರುತ್ತೆ. ನಕ್ಷೆಯಲ್ಲಿ ಕೆರೆಯಿಂದ ಎಷ್ಟು ದೂರ ಅಂತ ಬರೆದಿದ್ದೀರಿ. ಕೋಡಿಯಿಂದ ಎಷ್ಟು ಎತ್ತರ ಅಂತ ಬರೆದಿಲ್ಲ. ಎರಡನೆಯದನ್ನು ದಯವಿಟ್ಟು ಬರೆಯಿರಿ.

ಇನ್ನು ಮಣ್ಣು. ಮೇಲಿನ ಮೂಲೆಯಲ್ಲಿ ಕೆಮ್ಮಣ್ಣು, ಎರಡಡಿ ಅಗೆದರೆ ಗಟ್ಟಿ ಜಲ್ಲಿ. ಕೆಳಮೂಲೆಯಲ್ಲಿ ಕಪ್ಪು ಗೋಡು, ಕೆರೆಯಂಚಿನ ಅಂಟು ಮಣ್ಣು. ಮೇ ತಿಂಗಳಲ್ಲಿ ಅಲ್ಲಿನ ಬಿರುಕಿನೊಳಗೆ ಮಗಳ ಅಡಿಪಟ್ಟಿ ಅರ್ಧದವರೆಗೆ ಇಳಿಯಿತು. ನಮ್ಮ ಕಡೆ ಇಂಥ ಮಣ್ಣಿನ ಮೇಲೆ ಕಟ್ಟಿದ ಮನೆಗಳ ಗೋಡೆ ಯಾಕೆ ಓರೆಯಾಗಿ ಸೀಳುತ್ತೆ ಅಂತ ಗಾರೆಯವರಿಗೆಲ್ಲ ಗೊತ್ತು. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಕುಗ್ಗುತ್ತೆ.

ಎಷ್ಟು ಉಬ್ಬುತ್ತೆ ಅಂತ ನೋಡಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿದೆವು. ಮಣ್ಣಿನ ಪರೀಕ್ಷೆಯ ಭಾರತೀಯ ಮಾನಕ ಐಎಸ್ 2720ರ 40ನೇ ಭಾಗದಲ್ಲಿ ಇರುವುದೇ. ಒಣಗಿಸಿ, ಪುಡಿ ಮಾಡಿ, ಸಣ್ಣಗೆ ಜರಡಿ ಹಿಡಿದ ಮಣ್ಣು ಹತ್ತು ಹತ್ತು ಗ್ರಾಂ ಎರಡು ಅಳತೆ ಗಾಜಿಗೆ ಹಾಕಬೇಕು. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತೆ. ಒಂದು ದಿನ ಬಿಟ್ಟು ಎರಡನ್ನೂ ಹೋಲಿಸಿ ನೋಡುವುದು. ಸೀಮೆಎಣ್ಣೆ ಹುಡುಕುವುದೇ ಈಗ ದೊಡ್ಡ ಕೆಲಸ, ಅದು ಬೇರೆ ಕತೆ. ಗಾಜುಗಳನ್ನು ಅಡುಗೆಮನೆ ಕಿಟಕಿಯಲ್ಲಿ ಇಟ್ಟಿದ್ದೆ. ಮಾರನೇ ದಿನ ಸೀಮೆಎಣ್ಣೆಯಲ್ಲಿ ಮಣ್ಣು 10ರ ಗೆರೆಗೆ ಇತ್ತು, ನೀರಿನಲ್ಲಿ 16ಕ್ಕೆ ಏರಿತ್ತು. ಅಂದರೆ ಶೇ. 60 ಉಬ್ಬು. ಶೇ. 50 ದಾಟಿದರೆ ಜಾಗ್ರತೆ ಬೇಕು ಅನ್ನುತ್ತಾರೆ. ನನ್ನ ಅಡುಗೆಮನೆ ಲ್ಯಾಬ್ ಅಲ್ಲ, ಟೀ ಸೋಸುವ ಜರಡಿಯಲ್ಲಿ ಹಿಡಿದ ಮಣ್ಣು. ಈ ಲೆಕ್ಕವನ್ನು ಫೈಲಿಗೆ ಹಾಕಿ ಅಂತ ಕೇಳುತ್ತಿಲ್ಲ. ಮೂರು ಕಡೆ ಗುಂಡಿ ತೆಗೆಸಿ ನೀವೇ ಸರಿಯಾಗಿ ಪರೀಕ್ಷೆ ಮಾಡಿಸಿ ಅಂತ ಕೇಳುತ್ತಿದ್ದೇನೆ. ಉಬ್ಬುವ ಮಣ್ಣಿನ ಮೇಲೂ ಕಟ್ಟಬಹುದು, ಆಳಕ್ಕೆ ಪೈಲ್ ಇಳಿಸಿ, ಬುಡ ಅಗಲ ಮಾಡಿ. ಆದರೆ ಆ ದುಡ್ಡಿನಲ್ಲಿ ಮೇಲಿನ ಮೂಲೆಯಲ್ಲಿ ಎರಡು ಕೊಠಡಿ ಜಾಸ್ತಿ ಬರಬಹುದು.

'ತಂಪು ಗಾಳಿ' ಬಾಣಕ್ಕೆ ಬರೋಣ. ಕೆರೆ ಇರುವುದು ಜಮೀನಿನ ಪಶ್ಚಿಮಕ್ಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಆ ಕಡೆಯಿಂದಲೇ, ಬಾಣ ಸರಿ. ಆದರೆ ಗಾಳಿಯ ಜೊತೆ ಇರಚಲೂ ಬರುತ್ತೆ, ಕಿಟಕಿ ಮುಚ್ಚಿ ಕೂರಬೇಕು. ಮೇಲಿನ ಬಡಾವಣೆಯ ಕೊಳಚೆ ಕೆರೆಗೆ ಸೇರುವುದು ನಿಲ್ಲುವವರೆಗೆ ವಾಸನೆಯೂ ಬರುತ್ತೆ. ನಿಮ್ಮ ನಕ್ಷೆಯಲ್ಲಿ ಎಲ್ಲ ತರಗತಿಗಳೂ ಸಾಲಾಗಿ ಕೆರೆಗೆ ಮುಖ ಮಾಡಿ ನಿಂತಿವೆ. ಫೋಟೋಗೆ ಚೆನ್ನ. ಫೆಬ್ರವರಿ-ಮಾರ್ಚ್‌ನಲ್ಲಿ, ಪರೀಕ್ಷೆಯ ಹೊತ್ತಿಗೆ, ಮಧ್ಯಾಹ್ನ ಎರಡೂವರೆಯ ಮೇಲೆ ಅಲ್ಲಿ ಕೂತು ನೋಡಿ. ಪಶ್ಚಿಮದ ಬಿಸಿಲು ನೇರ ಒಳಗೆ. ಸಾಲದ್ದಕ್ಕೆ ನೀರಿನ ಮೇಲೆ ಬಿದ್ದ ಬಿಸಿಲು ಕೆಳಗಿನಿಂದಲೂ ಕಣ್ಣಿಗೆ ಹೊಡೆಯುತ್ತೆ, ಸಜ್ಜಾ ಅದನ್ನು ತಡೆಯಲ್ಲ. ಬೋರ್ಡ್ ಮೇಲಿನ ಅಕ್ಷರ ಕಾಣಲ್ಲ ಅಂತ ಮಕ್ಕಳು ಅಂದಾಗ ಮೇಷ್ಟ್ರು ಪರದೆ ಎಳೆಯುತ್ತಾರೆ. ಅಲ್ಲಿಗೆ ನಿಮ್ಮ 'ಸುಂದರ ನೋಟ' ಮುಗಿಯಿತು.

ತರಗತಿಗಳು ಉತ್ತರ-ದಕ್ಷಿಣಕ್ಕೆ ಕಿಟಕಿ ಬಿಟ್ಟುಕೊಂಡು ನಿಲ್ಲಲಿ. ಕಟ್ಟಡದ ಗಿಡ್ಡ ಬದಿ ಕೆರೆಯ ಕಡೆಗೆ. ಉತ್ತರಕ್ಕೂ ಒಂದಿಷ್ಟು ಸಜ್ಜಾ ಬೇಕು, ಮರೆಯಬೇಡಿ. ನಾವು ಇರುವುದು 12 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ಉತ್ತರಕ್ಕೇ ವಾಲಿರುತ್ತಾನೆ. ಬೇರೆ ದೇಶದ ಪುಸ್ತಕ ಓದಿಕೊಂಡು ಉತ್ತರದ ಕಿಟಕಿಗೆ ನೆರಳು ಬೇಡ ಅಂತ ಬಿಟ್ಟುಬಿಡುವವರನ್ನು ನಮ್ಮ ಆಫೀಸಿನಲ್ಲೇ ನೋಡಿದ್ದೇನೆ. ಕೆರೆಯ ಕಡೆಗೆ ಒಂದು ಅಗಲದ ಜಗುಲಿ ಸಾಕು. ಮಕ್ಕಳು ಅಲ್ಲಿ ಸಾಲಾಗಿ ಕೂತು ಬಿಸಿಯೂಟ ಮಾಡಲಿ. ಚಳಿಗಾಲದಲ್ಲಿ ಹೆಜ್ಜಾರ್ಲೆ ಬರುತ್ತವೆ, ಕೊಕ್ಕರೆ ಬರುತ್ತವೆ. ಅನ್ನ ಸಾರು ಉಣ್ಣುತ್ತಾ ನೋಡಲಿ. ನೋಟ ಬೇಕಾಗಿರುವುದು ಆ ಹೊತ್ತಿಗೆ.

ಕೆಳಮೂಲೆಯನ್ನು ಏನು ಮಾಡುವುದು? ಆಟದ ಮೈದಾನ ಮಾಡಿ. ವರ್ಷಕ್ಕೆ ಹತ್ತು ದಿನ ನೀರು ನಿಂತರೆ ನಿಲ್ಲಲಿ, ಹುಲ್ಲಿಗೆ ಏನೂ ಆಗಲ್ಲ. ನೀರು ಇಳಿದ ಮೇಲೆ ಒಂದೆರಡು ವಾರ ಕೆಸರು, ಅದೂ ಮಕ್ಕಳಿಗೆ ಬೇಜಾರಿನ ವಿಷಯ ಅಲ್ಲ, ಬಟ್ಟೆ ಒಗೆಯುವ ನಮಗೆ ಮಾತ್ರ.

ಕಾಂಪೌಂಡ್ ಬಗ್ಗೆ ಎರಡು ಮಾತು. ಕಾಯ್ದೆ ಗೋಡೆಯಾದರೂ ಸರಿ, ಬೇಲಿಯಾದರೂ ಸರಿ ಅನ್ನುತ್ತೆ. ಕೆರೆಯ ಕಡೆಗೆ ಏಳಡಿ ಗೋಡೆ ಎಬ್ಬಿಸಬೇಡಿ, ತಂತಿಬೇಲಿ ಹಾಕಿ. ಗೋಡೆ ಇದ್ದರೆ ಮಳೆನೀರು ಅದರ ಬೆನ್ನಿಗೆ ನಿಂತು ಒಂದಲ್ಲ ಒಂದು ರಾತ್ರಿ ಬೀಳಿಸುತ್ತೆ. ಅದಕ್ಕಿಂತ ಹೆಚ್ಚಾಗಿ, ಕಣ್ಣಿಗೆ ಬೀಳದ ಜಾಗ ಏನಾಗುತ್ತೆ ಅಂತ ಗೊತ್ತಲ್ಲ. ಬಾಟಲಿ, ಕೋಳಿ ಪುಕ್ಕ, ಒಡೆದ ಕಮೋಡು. ಮಕ್ಕಳೂ ಟೀಚರುಗಳೂ ದಿನಾ ನೋಡುತ್ತಿದ್ದರೆ ಕಸ ಸುರಿಯುವವರಿಗೆ ಸ್ವಲ್ಪವಾದರೂ ನಾಚಿಕೆ.

ಮುಳುಗುವ ಭಯ ನನಗೂ ಇದೆ. ಆ ಭಯ ಹುಟ್ಟಿದ್ದು ಕೆರೆಯಿಂದಲ್ಲ, ಜೆಸಿಬಿಯಿಂದ. ಎರಡು ವರ್ಷದ ಹಿಂದೆ ಹೂಳೆತ್ತಿದಾಗ ಅಂಚನ್ನು ಇಳಿಜಾರು ಮಾಡದೆ ನೆಟ್ಟಗೆ ಕಡಿದು ಬಿಟ್ಟಿದ್ದಾರೆ. ಮೀನು ಹಿಡಿಯುವ ಅಣ್ಣ ತೆಪ್ಪದಿಂದ ಬಿದಿರಿನ ಗಳು ಇಳಿಸಿ ತೋರಿಸಿದರು. ದಡದಿಂದ ಎಂಟು ಹೆಜ್ಜೆಯವರೆಗೆ ಮಂಡಿಯುದ್ದ. ಒಂಬತ್ತನೇ ಹೆಜ್ಜೆಗೆ ಗಳು ಅವರ ಭುಜದವರೆಗೆ ಒಳಗೆ ಹೋಯಿತು. ಶಾಲೆಯ ಉದ್ದಕ್ಕೂ ಆ ಅಂಚನ್ನು ಮೊದಲು ಸರಿ ಮಾಡಿಸಿ. ಕಟ್ಟಡದ ಎಸ್ಟಿಮೇಟಿನಲ್ಲೇ ಅದೂ ಸೇರಲಿ. ಆಮೇಲೆ ನೋಡೋಣ ಅಂತ ಬಿಟ್ಟರೆ ಆಗಲ್ಲ, ನಿಮಗೇ ಗೊತ್ತು.

ನನ್ನ ಲೆಕ್ಕದಲ್ಲಿ ಒಂದು ಕೊರತೆಯೂ ಇದೆ, ಮುಚ್ಚಿಡುವುದಿಲ್ಲ. ಮೇಲಿನ ಮೂಲೆ ಕಾಲೋನಿಯ ಮಕ್ಕಳಿಗೆ ಹತ್ತಿರ, ಬಸ್ ಸ್ಟಾಪಿಗೆ ಹತ್ತಿರ, ನೀರಿನ ಪೈಪು, ಯುಜಿಡಿ (ಒಳಚರಂಡಿ) ಎಲ್ಲ ಅಲ್ಲೇ ಇದೆ. ಹಳೇ ಊರಿನ ಮಕ್ಕಳಿಗೆ ಮಾತ್ರ ಮುನ್ನೂರು ಮೀಟರ್ ಜಾಸ್ತಿ ನಡಿಗೆ. ಅವರು ಕೋಡಿ ಕಾಲುವೆಯ ಮೋರಿ ದಾಟಿ ಬರಬೇಕು. ಆ ಮೋರಿಗೆ ಈಗ ಒಂದು ಕಡೆ ಕಟ್ಟೆಯೇ ಇಲ್ಲ. ಅದನ್ನು ಅಗಲ ಮಾಡಿ ಎರಡೂ ಕಡೆ ಕಂಬಿ ಹಾಕಿಸಿದರೆ ಈ ದಾರಿ ಆಗುತ್ತೆ. ಹಾಗೆ ಮಾಡದಿದ್ದರೆ ಮಕ್ಕಳು ಹತ್ತಿರ ಅಂತ ಏರಿಯ ಮೇಲೇ ಓಡುತ್ತಾರೆ. ಹಳೇ ಊರಿನವರ ಒಪ್ಪಿಗೆ ಇಲ್ಲದೆ ಮೇಲಿನ ಮೂಲೆಯೇ ಸರಿ ಅಂತ ನಾನು ಹಟ ಮಾಡುವುದಿಲ್ಲ.

ಸಮುದಾಯ ಶಾಲೆ ಅಂತ ಹೆಸರಿಟ್ಟಿದ್ದೀರಿ. ಹಾಗಿದ್ದ ಮೇಲೆ ಸಂಜೆ ಐದರ ನಂತರವೂ ಯೋಚಿಸಿ. ಸ್ತ್ರೀಶಕ್ತಿ ಸಂಘದ ಸಭೆ, ಲೈಬ್ರರಿ, ಹುಡುಗರ ಕಬಡ್ಡಿ. ತರಗತಿಗಳಿಗೆ ಬೀಗ ಹಾಕಿದ್ದರೂ ಮೈದಾನ, ಶೌಚಾಲಯ, ಲೈಬ್ರರಿಗೆ ಬೇರೆ ಗೇಟು ಇರಲಿ. ಈ ಒಂದು ಗೆರೆ ನಕ್ಷೆಯಲ್ಲಿ ಈಗಲೇ ಬಿದ್ದರೆ ಖರ್ಚಿಲ್ಲ.

ಕಳೆದ ಸಭೆ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟಿದ್ದಿರಿ. ಕಾಲೋನಿಯಿಂದ ಇಬ್ಬರು ಬಂದಿದ್ದರು, ಹಳೇ ಊರಿನಿಂದ ಒಬ್ಬರೂ ಇಲ್ಲ. ಎಲ್ಲರೂ ಕೆಲಸಕ್ಕೆ ಹೋಗಿದ್ದರು. ಮುಂದಿನದನ್ನು ಕೋಣೆಯಲ್ಲಿ ಮಾಡುವುದೂ ಬೇಡ. ವಿಜಯದಶಮಿ ಕಳೆದ ಮೇಲಿನ ಮೊದಲ ಭಾನುವಾರ ಬೆಳಿಗ್ಗೆ ಏಳಕ್ಕೆ ನಾವೆಲ್ಲ ಕೋಡಿಯ ಹತ್ತಿರ ಇರುತ್ತೇವೆ. ಗೂಟಗಳು ಹೊಡೆದಲ್ಲೇ ಇವೆ, ಕೋಡಿಯ ಮಟ್ಟಕ್ಕೆ ಕೆಂಪು ಬಣ್ಣ ಬಳಿದಿದ್ದೇವೆ. ನಿಮ್ಮ ಲೆವೆಲ್ ಯಂತ್ರ ತನ್ನಿ, ನಮ್ಮ ಪೈಪಿನ ಲೆಕ್ಕ ತಪ್ಪಿದ್ದರೆ ತಿದ್ದಿ. ಅತ್ತೆಯೂ ಬರುತ್ತಾರೆ. ಒಂಬತ್ತಕ್ಕೆ ಮೇಲಿನ ಮೂಲೆಯ ಹೊಂಗೆ ಮರದ ಕೆಳಗೆ ಇಡ್ಲಿ ಇರುತ್ತೆ. ಹಳೇ ಚಪ್ಪಲಿ ಹಾಕಿಕೊಂಡು ಬನ್ನಿ, ಗೋಡು ಮಣ್ಣು ಮೆತ್ತಿಕೊಂಡರೆ ಬಿಡುವುದಿಲ್ಲ.

ಇಂತಿ,
ಕೆರೆ ಪಕ್ಕದ ನಾಲ್ಕನೇ ಕ್ರಾಸಿನ ಒಬ್ಬ ತಾಯಿ
ಮೈಸೂರು